ಮೂಗುಬೊಟ್ಟು, ಪೇಟ, ಕೋಟು: ಮೂರು ದಿನ ಮುಖ ಹುಡುಕಿಕೊಂಡು

ಆರು ತಿಂಗಳು ಭಾನುವಾರದ ಚಿತ್ರಕಲೆ ಕ್ಲಾಸಿಗೆ ಹೋದ ಮೇಲೆ ನನಗೆ ತಿಳಿದದ್ದು ಇಷ್ಟು. ಕಣ್ಣು ಇರುವುದು ತಲೆಯ ನಟ್ಟನಡುವೆ, ಹೊಸಬರೆಲ್ಲ ಅದನ್ನು ಹಣೆಯ ಹತ್ತಿರಕ್ಕೆ ಏರಿಸಿಬಿಡುತ್ತಾರೆ. ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣು ಹಿಡಿಸುವಷ್ಟು ಜಾಗ ಇರುತ್ತದೆ. ಇದನ್ನೆಲ್ಲ ಪಾಲಿಸಿ ನಾನು ಬರೆದ ಮುಖಗಳು ಮನುಷ್ಯರ ಮುಖಗಳೇ, ಅದರಲ್ಲಿ ಅನುಮಾನವಿಲ್ಲ. ಆದರೆ ಯಾರದೋ ಮುಖ. ಹೆಂಡತಿಯನ್ನು ಕೂರಿಸಿಕೊಂಡು ಒಂದು ಗಂಟೆ ಬರೆದೆ. "ಯಾರ್ರೀ ಇವಳು?" ಅಂದಳು. ಕೇಳಿದ ಧಾಟಿ ಅಷ್ಟು ಚೆನ್ನಾಗಿರಲಿಲ್ಲ.

"ಗೊತ್ತಿಲ್ಲದವರನ್ನ ಬರೀರಿ, ದಿನಕ್ಕೊಂದು ಮುಖ ಸಾಕು" ಅಂದರು ಕ್ಲಾಸಿನ ಮೇಷ್ಟ್ರು. ಡಿಸೆಂಬರ್ ಕೊನೆಯಲ್ಲಿ ಮೂರು ದಿನ ರಜೆ ಸಿಕ್ಕಿತು. ಅಕ್ಕನ ಗಂಡ ಕಾರು ತಂದರು. ಭಾವ ಚಿಂತಾಮಣಿ ಕಡೆಯವರು, ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಸಿಗರೇಟು ಬಿಟ್ಟ ಮೇಲೆ ಎಡಗೆನ್ನೆಯಲ್ಲಿ ಸದಾ ಒಂದು ಲವಂಗ ಇಟ್ಟುಕೊಂಡಿರುತ್ತಾರೆ. ಅವರಿಗೆ ಇನ್ನೊಂದು ವಿದ್ಯೆ ಇದೆ. ಯಾರನ್ನಾದರೂ ಐದು ನಿಮಿಷ ನೋಡಿದರೆ ಸಾಕು, ಅವರ ಹಾಗೆ ನಿಂತು, ಅವರ ಹಾಗೆ ಒಂದು ಮಾತಾಡಿ ತೋರಿಸುತ್ತಾರೆ. ಮದುವೆ ಮನೆಯಲ್ಲಿ ಜನ ಬಿದ್ದು ಬಿದ್ದು ನಗುತ್ತಾರೆ. ನನಗೆ ಪೆನ್ಸಿಲ್ಲು ರಬ್ಬರು ಹಿಡಿದು ಒಂದು ಗಂಟೆಯಲ್ಲಿ ಆಗದ್ದು ಅವರಿಗೆ ಎರಡು ಸೆಕೆಂಡಿನಲ್ಲಿ ಆಗುತ್ತದೆ. ಹೊಟ್ಟೆಕಿಚ್ಚು ಅಂದರೂ ಸರಿಯೇ.

ಮೊದಲ ದಿನ: ನಂದಿ, ಮುದ್ದೇನಹಳ್ಳಿ

ಬೆಳಗ್ಗೆ ಐದೂವರೆಗೆ ಬೆಂಗಳೂರು ಬಿಟ್ಟೆವು. ದೇವನಹಳ್ಳಿ ದಾಟಿದ ಮೇಲೆ ಮಂಜು ಎಷ್ಟಿತ್ತೆಂದರೆ ಮುಂದಿನ ಬೈಕಿನ ಕೆಂಪು ದೀಪವೇ ನಮಗೆ ದಾರಿ. ಆ ಬೈಕುಗಳೆಲ್ಲ ಬೆಟ್ಟಕ್ಕೆ ಹೊರಟವು, ಸೂರ್ಯೋದಯ ನೋಡಲು. ರಜೆ ದಿನ ಆ ಸಾಲಿನಲ್ಲಿ ಸಿಕ್ಕಿಕೊಂಡರೆ ಸೂರ್ಯ ನೆತ್ತಿಗೆ ಬಂದ ಮೇಲೇ ಮೇಲೆ ತಲುಪುವುದು. ನಾವು ಬೆಟ್ಟ ಹತ್ತದೆ ಬುಡದಲ್ಲಿರುವ ನಂದಿ ಊರಿಗೆ ತಿರುಗಿದೆವು. ಭೋಗನಂದೀಶ್ವರನ ಗುಡಿಯಲ್ಲಿ ಆ ಹೊತ್ತಿಗೆ ಇದ್ದದ್ದು ನಾವಿಬ್ಬರು, ಕಸ ಗುಡಿಸುವ ಒಬ್ಬ ಹೆಂಗಸು, ಎರಡು ನಾಯಿ.

ಗುಡಿ ತುಂಬಾ ಹಳೆಯದು. 806ರ ಸುಮಾರಿನ ಶಾಸನದಲ್ಲೇ ಇಲ್ಲಿನ ಶಿವಾಲಯದ ಮಾತು ಬರುತ್ತದೆ. ನೊಳಂಬರು, ಬಾಣರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಬಂದವರೆಲ್ಲ ಒಂದೊಂದು ಕೈ ಹಾಕಿದ್ದಾರೆ. ನಾನು ಬಂದದ್ದು ಒಂದೇ ಒಂದು ಮೂರ್ತಿಗಾಗಿ. ಭೋಗನಂದೀಶ್ವರನ ಕಡೆ ಒಂದು ಶಿಲ್ಪವಿದೆ, ಅದು ದೇವರಲ್ಲ, ಮನುಷ್ಯ. ಚೋಳ ರಾಜನದಿರಬಹುದು ಅನ್ನುತ್ತಾರೆ. ರಾಜೇಂದ್ರ ಚೋಳನೇ ಅನ್ನುವವರೂ ಇದ್ದಾರೆ.

ಎದುರಿಗೆ ಕೂತು ಬರೆಯತೊಡಗಿದೆ. ಕೈ ಮರಗಟ್ಟಿತ್ತು. ಅರ್ಧ ಗಂಟೆಯಾದ ಮೇಲೆ ಒಂದು ವಿಷಯ ಹೊಳೆಯಿತು. ಪಕ್ಕದ ಕಂಬಗಳ ಮೇಲಿನ ದೇವರ ಮುಖಕ್ಕೂ ಇವನ ಮುಖಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣುತ್ತಿಲ್ಲ. ಅದೇ ಶಾಂತಿ, ಅದೇ ತುಂಬಿದ ಕೆನ್ನೆ. ಈ ರಾಜ ನಿಜವಾಗಿ ಹೀಗೇ ಇದ್ದನಾ? ಮೂಗು ಸ್ವಲ್ಪ ಸೊಟ್ಟ ಇದ್ದಿದ್ದರೆ ಶಿಲ್ಪಿ ಅದನ್ನು ಹಾಗೇ ಕೆತ್ತುತ್ತಿದ್ದನಾ, ಕೆತ್ತಿದ್ದರೆ ಅವನ ಗತಿ ಏನಾಗುತ್ತಿತ್ತು? ಭಾವ ಹಿಂದೆ ನಿಂತು ಪುಸ್ತಕ ಇಣುಕಿ, "ಯಾರಪ್ಪಾ ಇದು, ನಿಮ್ ಬ್ಯಾಂಕ್ ಮ್ಯಾನೇಜರ್ರಾ?" ಅಂದರು. ಪುಸ್ತಕ ಮುಚ್ಚಿದೆ.

ಹೊರಗೆ ಬಂದರೆ ಬಾಗಿಲ ಬಳಿ ಒಬ್ಬ ಅಜ್ಜಿ ಸೀಬೆಹಣ್ಣು ಮಾರಲು ಕೂತಿದ್ದರು. ತಲೆಗೆ ಹಳೇ ಟವೆಲು ಸುತ್ತಿ, ಮುಂದಿಟ್ಟ ಕುಂಪಟೆಯ ಕೆಂಡಕ್ಕೆ ಕೈ ಒಡ್ಡಿ, ಯಾರನ್ನೋ ಬೈಯುತ್ತಿದ್ದರು. ಬೈಗುಳಕ್ಕೆ ತಕ್ಕಂತೆ ಗದ್ದ ಕುಣಿಯುತ್ತಿತ್ತು. ಎಂಥ ಮುಖ! "ಅಜ್ಜಿ, ನಿಮ್ಮ ಚಿತ್ರ ಬರೀಲಾ?" ಅಂದೆ. ಅಲ್ಲಿಗೆ ಕೆಟ್ಟಿತು. ಟವೆಲು ಕಿತ್ತಿಟ್ಟರು, ಸೆರಗು ಸರಿ ಮಾಡಿಕೊಂಡರು, ತುಟಿ ಬಿಗಿದು ಎದುರಿಗಿದ್ದ ಹುಣಸೆಮರ ನೋಡುತ್ತಾ ಕೂತರು. ಪಡಿತರ ಚೀಟಿಯ ಫೋಟೋಗೆ ಕೂರುವ ಹಾಗೆ. ಹೇಗಿದ್ದರು ಹೇಗಾದರು! ಕುಣಿಯುತ್ತಿದ್ದ ಗದ್ದ ಎಲ್ಲೋ ಹೋಯಿತು. ಇದ್ದದ್ದನ್ನು ಬರೆದು ತೋರಿಸಿದೆ.

ಬಹಳ ಹೊತ್ತು ನೋಡಿ, "ಮೂಗುಬೊಟ್ಟು ಇಲ್ವಲ್ಲಪ್ಪ" ಅಂದರು.

"ನೀವು ಹಾಕಿಕೊಂಡಿಲ್ಲವಲ್ಲ ಅಜ್ಜಿ."

"ಅದು ಬ್ಯಾಂಕಲ್ಲೈತೆ. ಇಲ್ಲಾಂದ್ರೆ ನಾನ್ಯಾಕೆ ಬರೀ ಮೂಗಲ್ಲಿ ಇರ್ತೀನಿ? ಹಾಕು, ಹಾಕು. ಏಳು ಕಲ್ಲಿಂದು."

ಚಿನ್ನದ ಸಾಲದ ಕಾಗದಕ್ಕೆ ವರ್ಷಗಟ್ಟಲೆ ಸೀಲು ಹೊಡೆದವನು ನಾನು. ಅಂಥ ಎಷ್ಟು ಮೂಗುಬೊಟ್ಟು ತೂಗಿಸಿದ್ದೇನೋ ಲೆಕ್ಕವಿಲ್ಲ, ಅದು ಇದ್ದ ಮೂಗನ್ನು ಒಂದು ಸಲವೂ ನೋಡಿದ ನೆನಪಿಲ್ಲ. ಏಳು ಚುಕ್ಕಿ ಹಾಕಿದೆ. ಅಜ್ಜಿ ಪುಸ್ತಕವನ್ನು ದೂರ ಹಿಡಿದು, ಹತ್ತಿರ ಹಿಡಿದು, "ಈಗ ನಾನು" ಅಂದರು. ಹಣ್ಣಿಗೆ ದುಡ್ಡು ಮಾತ್ರ ಬಿಡಲಿಲ್ಲ, ಪೂರ್ತಿ ತೆಗೆದುಕೊಂಡರು.

ಮುದ್ದೇನಹಳ್ಳಿ ಅಲ್ಲಿಂದ ಹತ್ತಿರ. ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಹುಟ್ಟಿದ ಊರು. ಅವರ ಮನೆಯನ್ನೇ ಸ್ಮಾರಕ ಮಾಡಿದ್ದಾರೆ, ಅಲ್ಲೇ ಸ್ವಲ್ಪ ದೂರದಲ್ಲಿ ಸಮಾಧಿ. ಮಕ್ಕಳಿರುವವರು ಕರೆದುಕೊಂಡು ಹೋಗಿ, ಗಡಿಬಿಡಿ ಮಾಡದೆ ನೋಡಿ. ನನಗೆ ನೆನಪಿನಲ್ಲಿ ಉಳಿದದ್ದು ಮಾತ್ರ ಒಂದು ಬೇಕರಿ. ಟೀ ಕುಡಿಯುತ್ತಿದ್ದಾಗ ಗೋಡೆಯಲ್ಲಿ ಸರ್ ಎಂ.ವಿ. ಕ್ಯಾಲೆಂಡರ್ ಇತ್ತು. ಭಾವ ಎದ್ದು ಹೋಗಿ ಅಂಗೈಯಿಂದ ಪೇಟ ಮುಚ್ಚಿದರು. "ಈಗ ಹೇಳು, ಯಾರು?"

ಬೇಕರಿ ಹುಡುಗನೂ ನೋಡಿದ, ನಾನೂ ನೋಡಿದೆ. ಕೋಟು ಹಾಕಿದ ಒಬ್ಬ ತೆಳ್ಳನೆಯ ಮುದುಕರು, ಅಷ್ಟೇ. ನೂರು ವರ್ಷ ದಾಟಿ ಬದುಕಿದ, 1955ರಲ್ಲಿ ಭಾರತರತ್ನ ಪಡೆದ, ರಾಜ್ಯದ ಪ್ರತಿ ಶಾಲೆಯ ಗೋಡೆಯಲ್ಲಿ ಇರುವ ಮುಖ ನಮಗೆ ಗುರುತೇ ಸಿಗಲಿಲ್ಲ. ಕೈ ತೆಗೆದರೆ ತಕ್ಷಣ ಸರ್ ಎಂ.ವಿ. ನಾನು ಇಷ್ಟು ವರ್ಷ ನೋಡಿದ್ದು ಪೇಟವನ್ನೇ! ಆಮೇಲೆ ಮೆಲ್ಲಗೆ ಪೇಟವನ್ನು ಮನಸ್ಸಿನಲ್ಲೇ ತೆಗೆದಿಟ್ಟು ಆ ಬಾಯಿಯನ್ನೇ ನೋಡಿದೆ. ತುಟಿ ತೆಳು, ಬಿಗಿ. ತಡವಾಗಿ ಬಂದವರನ್ನು ಸುಮ್ನೆ ಬಿಡುವ ಬಾಯಲ್ಲ ಅದು.

ರಾತ್ರಿ ಚಿಕ್ಕಬಳ್ಳಾಪುರದಲ್ಲಿ ಉಳಿದೆವು. ಅವರೆಕಾಯಿ ಕಾಲ, ಬಸ್ ಸ್ಟ್ಯಾಂಡಿನ ಸುತ್ತ ತಳ್ಳುಗಾಡಿಗಳಲ್ಲಿ ಸೊಗಡಿನ ವಾಸನೆ. ಮಂಜು ಬಿದ್ದಷ್ಟೂ ಕಾಯಿಗೆ ಸೊಗಡು ಜಾಸ್ತಿ ಅನ್ನುತ್ತಾರೆ ಇಲ್ಲಿನವರು. ಸಣ್ಣ ಮೆಸ್ಸೊಂದರಲ್ಲಿ ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ. ನಾನು ಎರಡನೇ ಮುದ್ದೆ ಬೇಡ ಅಂದೆ. ಬಡಿಸುವಾತ ಕೇಳಿಸಿಕೊಂಡಂತೆ ಕಾಣಲಿಲ್ಲ.

ಎರಡನೇ ದಿನ: ಶಿಡ್ಲಘಟ್ಟ, ಚಿಂತಾಮಣಿ, ಕೈವಾರ

ಶಿಡ್ಲಘಟ್ಟದ ಹತ್ತಿರ ಬಂದಾಗ ಕನ್ನಡಕ ಲಾಡ್ಜಿನಲ್ಲೇ ಬಿಟ್ಟದ್ದು ಗೊತ್ತಾಯಿತು. ಬಿಸಿನೀರು ಬೆಳಗ್ಗೆ ಆರರಿಂದ ಎಂಟರವರೆಗೆ ಮಾತ್ರ ಅಂತ ಬೋರ್ಡು ಹಾಕಿದ್ದರು, ಆ ಅವಸರದಲ್ಲಿ ಬಚ್ಚಲ ಕಿಟಕಿಯ ಮೇಲೆ ಉಳಿದಿತ್ತು. ಫೋನ್ ಮಾಡಿದೆ. ಹುಡುಗ, "ಕೋಲಾರದ ಬಸ್ಸಿಗೆ ಹಾಕಿ ಕಳಿಸ್ತೀನಿ ಸಾರ್, ಸಂಜೆ ಇಸ್ಕೊಳ್ಳಿ" ಅಂದ. ನಂಬುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ರಾಶಿ ರಾಶಿ ಇತ್ತು, ನನಗೆ ಕಂಡದ್ದು ಬರೀ ಬಿಳಿ, ಹಳದಿ ಮಸುಕು.

ಚಿಂತಾಮಣಿಗೆ ಇನ್ನೇನು ಬಂದೆವು ಅನ್ನುವಾಗ ಕಾರು ಪಂಕ್ಚರ್. ರಸ್ತೆ ಬದಿಯ ಅಂಗಡಿಯಾತ ಚಕ್ರ ಬಿಚ್ಚಿ, ಸೋಪಿನ ನೀರು ಸುರಿದು, ಟಯರಿಗೆ ಕಿವಿ ಹಚ್ಚಿ ಕೂತ. ಗಾಳಿ ಎಲ್ಲಿ ಸೋರುತ್ತಿದೆ ಅಂತ ಕೇಳಿಸಿಕೊಳ್ಳುತ್ತಾನೆ. ನೀರಿನಲ್ಲಿ ಗುಳ್ಳೆ ಏಳುವ ಮೊದಲೇ ಅವನ ಕಿವಿಗೆ ಸಿಕ್ಕಿರುತ್ತದೆ. ಸುಮ್ನೆ ನಿಲ್ಲುವುದೇಕೆ ಅಂತ ಪುಸ್ತಕ ತೆಗೆದೆ. ಕನ್ನಡಕವಿಲ್ಲ, ಹಾಗಾಗಿ ರೆಪ್ಪೆ ಇಲ್ಲ, ಸುಕ್ಕು ಇಲ್ಲ, ಮೂಗಿನ ತುದಿಯೂ ಸರಿಯಾಗಿ ಕಾಣದು. ಕಾಣುವುದು ದೊಡ್ಡ ಕತ್ತಲು, ದೊಡ್ಡ ಬೆಳಕು ಮಾತ್ರ. ಬಾಗಿದ ಬೆನ್ನು, ಟಯರಿಗೆ ವಾಲಿದ ಕತ್ತು, ನೆಲಕ್ಕೆ ಊರಿದ ಒಂದು ಕೈ. ಐದು ನಿಮಿಷ ಕೂಡ ಆಗಿರಲಿಲ್ಲ. ಅಂಗಡಿ ಒಳಗಿಂದ ಬಂದ ಮೂರು ವರ್ಷದ ಮಗು ಪುಸ್ತಕದ ಮೇಲೆ ಬೆರಳಿಟ್ಟು "ನಾಯ್ನಾ" ಅಂದಿತು. ಅಪ್ಪ ಅಂತ, ತೆಲುಗಿನಲ್ಲಿ.

ಮುಖವೇ ಇಲ್ಲದ ಚಿತ್ರ ಅದು. ಪಂಕ್ಚರಿನವನು ಬಂದು ನೋಡಿ, "ನಾನೇ, ಸರಿ. ಮುಖ ಎಲ್ಲಿ ಸಾರ್?" ಅಂದ. ಕ್ಲಾಸಿನಲ್ಲಿ ಮೇಷ್ಟ್ರು "ಕಣ್ಣು ಕಿರಿದು ಮಾಡಿ ನೋಡ್ರೀ" ಅಂತ ದಿನಾ ಕೂಗುತ್ತಿದ್ದರು. ಚೂರುಪಾರು ಮಾಯವಾಗಿ ದೊಡ್ಡ ಆಕಾರ ಸಿಗಲಿ ಅಂತ. ಅದನ್ನು ಕಲಿಯಲು ನನಗೆ ಕನ್ನಡಕ ಕಳೆದುಕೊಳ್ಳಬೇಕಾಯಿತು.

ಚಿಂತಾಮಣಿಯಲ್ಲಿ ಭಾವನ ಹಳೇ ಗೆಳೆಯರೊಬ್ಬರ ಫೋಟೋ ಸ್ಟುಡಿಯೋ. ಈಗ ಮಗ ನೋಡಿಕೊಳ್ಳುತ್ತಾನೆ, ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾನು ಚಿತ್ರ ಬರೆಯುತ್ತೇನೆ ಅಂದಾಗ ಜೋರಾಗಿ ನಕ್ಕು, "ನಾನೂ ನಲವತ್ತು ವರ್ಷ ಬರೆದೆ, ನೆಗೆಟಿವ್ ಮೇಲೆ" ಅಂದರು. ಕಪ್ಪು ಬಿಳುಪು ಕಾಲದ ಮಾತು. ಚೂಪು ಮಾಡಿದ ಪೆನ್ಸಿಲ್ ಹಿಡಿದು, ಕೆಳಗಿಂದ ಬೆಳಕು ಬಿಟ್ಟು, ನೆಗೆಟಿವ್ ಮೇಲೆ ಚುಕ್ಕಿ ಚುಕ್ಕಿ ಇಡುವುದು. ಅಲ್ಲಿ ಕಪ್ಪಾದದ್ದು ಕಾಗದದಲ್ಲಿ ಬೆಳ್ಳಗಾಗುತ್ತದೆ. ಕಣ್ಣಿನ ಕೆಳಗಿನ ಕಪ್ಪು, ಸಿಡುಬಿನ ಕಲೆ, ಹಣೆಯ ಗೆರೆ, ಎಲ್ಲಾ ಮಾಯ.

"ಜನಕ್ಕೆ ಅವರ ಮುಖ ಬೇಡ ಸ್ವಾಮಿ. ಬೆಳ್ಳಗಿನ ಮುಖ ಬೇಕು."

ಸತ್ತವರ ಫೋಟೋ ಕತೆ ಇನ್ನೂ ಚೆನ್ನಾಗಿತ್ತು. ಹಳ್ಳಿಯಿಂದ ಬರುತ್ತಾರೆ, ಕೈಯಲ್ಲಿ ಯಾರದೋ ಮದುವೆಯ ಗುಂಪು ಫೋಟೋ. ಹಿಂದಿನ ಸಾಲಿನಲ್ಲಿ ಕಡಲೆಬೀಜದಷ್ಟು ಒಂದು ತಲೆ. "ಇದೇ ನಮ್ಮಪ್ಪ, ದೊಡ್ಡದು ಮಾಡಿ, ಗೋಡೆಗೆ ಹಾಕಬೇಕು." ತಲೆ ಸಿಕ್ಕಿತು, ಮೈಯಿಲ್ಲ. ಆಗ ಇವರು ತಮ್ಮ ಹತ್ತಿರ ಇದ್ದ ಒಂದು ಕೋಟಿನ ಫೋಟೋಗೆ ತಲೆ ಅಂಟಿಸಿ, ಸಂದು ಕಾಣದ ಹಾಗೆ ತಿದ್ದಿ, ಮತ್ತೆ ಫೋಟೋ ತೆಗೆದು ಕೊಡುತ್ತಿದ್ದರು. "ಈ ತಾಲೂಕಿನ ಅರ್ಧ ಹಿರಿಯರು ಒಂದೇ ಕೋಟು ಹಾಕ್ಕೊಂಡು ಸ್ವರ್ಗಕ್ಕೆ ಹೋಗಿದಾರೆ. ಜೀವನದಲ್ಲಿ ಪಂಚೆ ಬಿಟ್ಟು ಬೇರೆ ಉಟ್ಟವರಲ್ಲ." ಹೇಳುತ್ತಾ ತಮ್ಮ ಎದೆಯ ಮೇಲೆ ಇಲ್ಲದ ಕೋಟಿನ ಕಾಲರು ಸರಿ ಮಾಡಿಕೊಂಡರು. ಕಾರು ಹತ್ತಿದ ಮೇಲೆ ಭಾವ ಅದನ್ನೇ ಮಾಡಿ ತೋರಿಸಿದರು, ಅದೇ ಎರಡು ಬೆರಳು. ಆ ಮನುಷ್ಯರೇ ಹಿಂದಿನ ಸೀಟಿನಲ್ಲಿ ಕೂತಿದ್ದಾರೇನೋ ಅನ್ನಿಸಿತು.

ಊಟ ಕೈವಾರದಲ್ಲಿ. ಯೋಗಿ ನಾರೇಯಣ ತಾತಯ್ಯನವರ ಮಠದಲ್ಲಿ ಬಂದವರಿಗೆಲ್ಲ ಊಟ ಇದೆ, ಮಧ್ಯಾಹ್ನದ ಹೊತ್ತಿಗೆ ಹೋದರೆ ಒಳ್ಳೆಯದು. ಬಳೆ ಮಾರುತ್ತಿದ್ದವರು ಯೋಗಿಯಾದರು, ಕನ್ನಡ ತೆಲುಗು ಎರಡರಲ್ಲೂ ಹಾಡಿದರು. 1726ರಲ್ಲಿ ಹುಟ್ಟಿ 1836ರವರೆಗೆ, 110 ವರ್ಷ ಇದ್ದರು ಅನ್ನುವುದು ಇಲ್ಲಿನ ನಂಬಿಕೆ. ಊಟ ಮಾಡುತ್ತಾ ಒಂದು ಲೆಕ್ಕ ಹಾಕಿದೆ. ಪ್ಯಾರಿಸ್ಸಿನಲ್ಲಿ ಫೋಟೋ ತೆಗೆಯುವ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು 1839ರಲ್ಲಿ. ತಾತಯ್ಯನವರು ಹೋಗಿ ಆಗಲೇ ಮೂರು ವರ್ಷ. ಕ್ಯಾಮೆರಾ ಅವರನ್ನು ಕಂಡೇ ಇಲ್ಲ. ಆದರೂ ಕೈವಾರದಲ್ಲಿ, ಚಿಂತಾಮಣಿಯಲ್ಲಿ, ಆಟೋ ಗಾಜಿನ ಮೇಲೆ, ಎಲ್ಲಿ ನೋಡಿದರೂ ಅವರನ್ನು ಯಾರೂ ತಪ್ಪದೆ ಗುರುತಿಸುತ್ತಾರೆ. ಪಕ್ಕದಲ್ಲಿ ಊಟಕ್ಕೆ ಕೂತಿದ್ದ ರೈತರೊಬ್ಬರನ್ನು, ತಾತಯ್ಯ ಹೀಗೇ ಇದ್ದರು ಅಂತ ಹೇಗೆ ಗೊತ್ತು ಅಂತ ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, "ಮತ್ತಿನ್ನೆಂಗಿರ್ತಾರೆ?" ಅಂದು ಅನ್ನಕ್ಕೆ ಸಾರು ಹಾಕಿಸಿಕೊಂಡರು.

ಸಂಜೆ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಒಬ್ಬರು ಹಾಳೆಯಲ್ಲಿ ಸುತ್ತಿದ ಪೊಟ್ಟಣ ಹಿಡಿದುಕೊಂಡು ನಿಂತಿದ್ದರು. ನನ್ನನ್ನು ದೂರದಿಂದಲೇ ನೋಡಿ ಕೈ ಬೀಸಿದರು. ಹೇಗೆ ಗೊತ್ತಾಯಿತು ಅಂದೆ. "ಕಣ್ಣು ಕಿರಿದು ಮಾಡಿಕೊಂಡು ಎಲ್ಲಾ ಬಸ್ಸಿನ ಬೋರ್ಡು ಓದ್ತಾ ಇದ್ರಲ್ಲ ಸಾರ್." ದುಡ್ಡು ಬೇಡ ಅಂದರು, ಟೀ ಕುಡಿದರು.

ಮೂರನೇ ದಿನ: ಕೋಲಾರ, ಶಿವಾರಪಟ್ಟಣ

ಕೋಲಾರಮ್ಮನ ಗುಡಿಗೆ ಬೆಳಗ್ಗೆ ಬೇಗ ಹೋದೆವು. ಇಲ್ಲೂ ರಾಜೇಂದ್ರ ಚೋಳನ ಶಾಸನ ಇದೆ, ನಂದಿಯಿಂದ ನಮ್ಮ ಹಿಂದೆಯೇ ಬಂದ ಹಾಗೆ. ಅಮ್ಮನದು ಉಗ್ರ ನೋಟ, ನೇರವಾಗಿ ನೋಡಬಾರದು ಅಂತ ಎದುರಿಗೆ ಕನ್ನಡಿ ಇಟ್ಟಿದ್ದಾರೆ. ಭಕ್ತರು ಕನ್ನಡಿಯಲ್ಲೇ ದರ್ಶನ ಮಾಡುತ್ತಾರೆ. ಒಳಗೆ ಚೇಳಮ್ಮನೂ ಇದ್ದಾಳೆ. ಚೇಳು ಕಡಿಯದಿರಲಿ ಅಂತ ನೆಲದಲ್ಲಿ ಹುಗಿದ ಹುಂಡಿಗೆ ಕಾಣಿಕೆ ಹಾಕುತ್ತಾರೆ. ಭಾವನೂ ಹಾಕಿದರು. ಚಿಕ್ಕಂದಿನಲ್ಲಿ ಕಡಿಸಿಕೊಂಡವರು.

ಪುಸ್ತಕ ತೆಗೆಯಲು ಮನಸ್ಸಾಗಲಿಲ್ಲ. ಸುಮ್ನೆ ನಿಂತು ಕನ್ನಡಿ ನೋಡಿದೆ. ಚಿತ್ರಗಾರರಿಗೂ ಒಂದು ಕನ್ನಡಿಯ ಉಪಾಯವಿದೆ. ಬರೆದದ್ದನ್ನು ಕನ್ನಡಿಗೆ ಹಿಡಿದರೆ ಎಡ ಬಲವಾಗಿ, ಇಷ್ಟು ಹೊತ್ತು ಕಣ್ಣಿಗೆ ಬೀಳದ ಸೊಟ್ಟ ಗೆರೆಗಳೆಲ್ಲ ಎದ್ದು ಕಾಣುತ್ತವೆ. ನಾವು ನಮ್ಮ ಮುಖ ಅಂತ ದಿನಾ ನೋಡಿಕೊಳ್ಳುವುದೂ ಹೀಗೆ ತಿರುಗುಮುರುಗಾದದ್ದನ್ನೇ ಅಲ್ವಾ? ಅದಕ್ಕೇ ಫೋಟೋದಲ್ಲಿ ಯಾರಿಗೂ ತಾವು ಇಷ್ಟವಾಗುವುದಿಲ್ಲ. ಹಿಂದಿನವರು ತಳ್ಳಿದರು, ಮುಂದೆ ಹೋದೆ. ಹೊರಗೆ ಬಂದು ಮುಳಬಾಗಿಲು ದೋಸೆ ತಿಂದೆವು. ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೆ ಬೆಣ್ಣೆ. ಮುಳಬಾಗಿಲಿನಲ್ಲೇ ತಿನ್ನಬೇಕು ಅಂತ ಭಾವ ಗೊಣಗಿದರು, ಗೊಣಗುತ್ತಲೇ ಮೂರು ತಿಂದರು.

ಮಾಲೂರು ತಾಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಕಣ್ಣಿಗೆ ಕಾಣುವ ಮೊದಲು ಕಿವಿಗೆ ಸಿಗುತ್ತದೆ. ಒಂದು ಕಡೆ ಉಳಿಯ ಟಕಟಕ, ಇನ್ನೊಂದು ಕಡೆ ಕಲ್ಲು ಕೊಯ್ಯುವ ಮಿಷನ್ನಿನ ಕಿರಚಾಟ. ರಸ್ತೆ ಬದಿಯಲ್ಲೆಲ್ಲ ಅರ್ಧ ಎದ್ದ ಗಣಪತಿಗಳು, ಇನ್ನೂ ಕಣ್ಣು ತೆರೆಯದ ಹನುಮಂತರು, ಎಲ್ಲರ ಮೇಲೂ ಬಿಳಿ ದೂಳು. ಕ್ಯಾಮೆರಾ ಇದ್ದರೆ ಚೀಲದೊಳಗೇ ಇಡಿ, ನಮ್ಮ ಫೋನುಗಳ ಗತಿ ಹೇಳಬಾರದು.

ಒಬ್ಬರ ಚಪ್ಪರದ ಕೆಳಗೆ ಕೂತೆವು. ಐವತ್ತರ ಮೇಲಿನ ವಯಸ್ಸು, ರೆಪ್ಪೆಯ ಮೇಲೂ ದೂಳು. ದೇವರನ್ನು ಕೆತ್ತುವುದು ಸುಲಭ ಅಂದರು. ಸುಲಭ ಅಂದರೆ ಲೆಕ್ಕ ಇದೆ. ಮುಖದ ಉದ್ದ ಒಂದು ತಾಳ, ತಾಳಕ್ಕೆ 12 ಅಂಗುಲ. ಯಾವ ದೇವರಿಗೆ ಒಂಬತ್ತು ತಾಳ, ಯಾರಿಗೆ ಹತ್ತು, ಗಣೇಶನಿಗೆ ಐದು. ಹುಬ್ಬು ಎಲ್ಲಿ, ತುಟಿ ಎಷ್ಟು, ಎಲ್ಲಕ್ಕೂ ಅಳತೆ ಉಂಟು, ಅಪ್ಪ ಹೇಳಿಕೊಟ್ಟದ್ದು. ನಂದಿಯ ರಾಜನ ಮುಖ ಯಾಕೆ ದೇವರಂತಿತ್ತು ಅನ್ನುವುದು ನನಗೆ ಆಗ ಸ್ವಲ್ಪ ತಿಳಿಯಿತು.

"ಮನುಷ್ಯರದು ಕಷ್ಟ. ಅಳತೆ ಇಲ್ಲ. ಒಂದು ಕಣ್ಣು ಮೇಲೆ ಇರ್ತದೆ, ಒಂದು ಕೆಳಗೆ. ಸರಿ ಮಾಡಿದ್ರೆ ಆ ಮನುಷ್ಯ ಹೋಗಿಬಿಡ್ತಾನೆ."

ಮೂಲೆಯಲ್ಲಿ ಒಂದು ಎದೆಮಟ್ಟದ ಪ್ರತಿಮೆಗೆ ಗೋಣಿಚೀಲ ಹೊದಿಸಿತ್ತು. ಯಾವುದೋ ಹಳ್ಳಿಯ ಯಜಮಾನರದು, ತೀರಿಕೊಂಡು ವರ್ಷವಾಗಿದೆ. ತೋಟದಲ್ಲಿ ನಿಲ್ಲಿಸಲು ಮಕ್ಕಳು ಮಾಡಿಸುತ್ತಿದ್ದಾರೆ. ಕೊಟ್ಟದ್ದು ಒಂದೇ ಫೋಟೋ, ಆಧಾರ್ ಕಾರ್ಡಿನದು. "ಎಲ್ಲಾ ಎದುರಿನ ಫೋಟೋನೇ ತರ್ತಾರೆ ಸ್ವಾಮಿ. ಕಲ್ಲಿಗೆ ಸೈಡು ಬೇಕು. ಮೂಗು ಎಷ್ಟು ಮುಂದೆ ಬಂದಿದೆ, ಗದ್ದ ಎಷ್ಟು ಒಳಗಿದೆ, ತಲೆ ಹಿಂದೆ ಹೆಂಗಿದೆ, ಎದುರಿಂದ ಗೊತ್ತಾಗಲ್ಲ. ಯಾರಾದ್ರೂ ಅಪ್ಪನ ಸೈಡ್ ಫೋಟೋ ತೆಗೆದಿಟ್ಕೊಂಡಿರ್ತಾರಾ?"

ಮತ್ತೆ ಏನು ಮಾಡುತ್ತೀರಿ ಅಂದೆ. ಮನೆಯವರನ್ನೆಲ್ಲ ಕರೆಸುತ್ತಾರಂತೆ. ಮಗನಲ್ಲಿ ಅಪ್ಪನ ಕಿವಿ ಸಿಗುತ್ತದೆ, ತಂಗಿಯಲ್ಲಿ ಹಣೆ. ಆದರೆ ಬಂದವರು ಜಗಳಕ್ಕೆ ನಿಲ್ಲುತ್ತಾರೆ. ಈ ಯಜಮಾನರ ಹೆಂಡತಿಗೆ ಮದುವೆಯಾದಾಗಿನ ಗಂಡ ಬೇಕು. ದೊಡ್ಡ ಮಗನಿಗೆ ಪಂಚಾಯ್ತಿ ಅಧ್ಯಕ್ಷನಾಗಿದ್ದ ಅಪ್ಪ ಬೇಕು. ಚಿಕ್ಕವನಿಗೆ ಕೊನೇ ವರ್ಷ ಹಾಸಿಗೆ ಹಿಡಿದಾಗ ತಾನೇ ನೋಡಿಕೊಂಡ ಅಪ್ಪ. ಮೂರು ಸಲ ಜೇಡಿಮಣ್ಣಿನಲ್ಲಿ ಮಾಡಿ ಮೂರು ಸಲ ಕೆಡವಿದ್ದಾಯಿತು. "ನಾಲ್ಕನೇ ಸಲ ಅವರನ್ನ ಒಂದು ಮಾತು ಕೇಳ್ದೆ. ಯಜಮಾನ್ರು ಯಾರಾದ್ರೂ ಸುಳ್ಳು ಹೇಳ್ತಾ ಇದ್ರೆ ಹೆಂಗೆ ಕೇಳಿಸ್ಕೊಳ್ತಿದ್ರು? ಮೂವರೂ ಒಟ್ಟಿಗೇ ತೋರಿಸಿದ್ರು." ಶಿಲ್ಪಿ ತಲೆಯನ್ನು ಎಡಕ್ಕೆ ಒಂದಿಷ್ಟು ವಾಲಿಸಿ ಕೆಳತುಟಿ ಮೇಲೆತ್ತಿ ನಮ್ಮನ್ನು ನೋಡಿದರು. ಭಾವ ತಕ್ಷಣ ಅದನ್ನೇ ಮಾಡಿದರು. ಇಬ್ಬರೂ ಹಾಗೇ ಒಬ್ಬರನ್ನೊಬ್ಬರು ನೋಡುತ್ತಾ ಒಂದು ಕ್ಷಣ ಕೂತರು. ಗೋಣಿಚೀಲದ ಕೆಳಗಿನವರನ್ನೂ ಸೇರಿಸಿದರೆ ಮೂವರು.

ಹೊರಟಾಗ ನಾಲ್ಕು ಗಂಟೆ. ಮಾಲೂರಿನ ದಾರಿಯಲ್ಲಿ ನೀಲಗಿರಿ ತೋಪಿನ ನೆರಳು ರಸ್ತೆಗೆ ಅಡ್ಡ ಬಿದ್ದಿತ್ತು. ಇಟ್ಟಿಗೆ ಗೂಡಿನ ಲಾರಿಗಳ ಹಿಂದೆ ನಿಧಾನಕ್ಕೆ ಬಂದೆವು. ಈ ದಿನದ ಮುಖ ಇನ್ನೂ ಬರೆದಿರಲಿಲ್ಲ. ಮೂರು ದಿನದಿಂದ ನಾನು ಕೂತಿದ್ದು ಭಾವನ ಎಡಕ್ಕೆ. ಪುಸ್ತಕ ಮಂಡಿಯ ಮೇಲಿಟ್ಟುಕೊಂಡೆ, ಹೇಳಲಿಲ್ಲ. ಹೇಳಿದರೆ ಅವರೂ ಹುಣಸೆಮರ ನೋಡಿಬಿಡುತ್ತಾರೆ. ಕಾರು ಕುಲುಕುತ್ತಿತ್ತು, ಗೆರೆ ಎರಡೆರಡಾಗಿ ಬಿದ್ದವು. ಲಾರಿ ಹಿಂದೆ ಹಾಕಲು ನೋಡುವಾಗ ಅವರ ಹುಬ್ಬು ಏರುತ್ತದೆ, ಆಗಲ್ಲ ಅಂತ ಗೊತ್ತಾದಾಗ ನಾಲಿಗೆ ಲವಂಗವನ್ನು ಕೆನ್ನೆಗೆ ಒತ್ತುತ್ತದೆ. ಅಲ್ಲಿ ಒಂದು ಸಣ್ಣ ಉಬ್ಬು.

ಹೊಸಕೋಟೆ ಹತ್ತಿರ ಸಿಗ್ನಲ್ಲಿನಲ್ಲಿ ನಿಂತಾಗ ಪುಸ್ತಕ ಕಿತ್ತುಕೊಂಡು ನೋಡಿದರು. ಕನ್ನಡಿಯಲ್ಲಿ ಒಂದು ಸಲ ತಮ್ಮ ಮುಖ ನೋಡಿಕೊಂಡರು, ಮತ್ತೆ ಪುಸ್ತಕ.

"ಏನಪ್ಪಾ, ನನ್ನ ಕಿವಿ ಇಷ್ಟು ದೊಡ್ಡದಾ?"

ಹಿಂದಿನವರು ಹಾರನ್ ಹೊಡೆಯತೊಡಗಿದರು. ಪುಸ್ತಕ ನನಗೆ ವಾಪಸು ಕೊಡಲಿಲ್ಲ, ಡ್ಯಾಶ್‌ಬೋರ್ಡಿನ ಮೇಲಿಟ್ಟುಕೊಂಡರು. "ನಿಮ್ಮಕ್ಕನಿಗೆ ತೋರಿಸ್ಬೇಕು" ಅಂದರು.